ಬೂದಿಗುಡ್ಡ, ಕರಿಕಲ್ಲು, ದ್ರಾಕ್ಷಿ: ಬಳ್ಳಾರಿ ಸೀಮೆಯ ಒಂದು ಸುತ್ತು

ಜ್ವಾಲಾಮುಖಿಯ ಮಗ್ಗುಲಲ್ಲಿ ಬೆಳೆದ ದ್ರಾಕ್ಷಿಯ ವೈನಿಗೆ ಲೋಕದಲ್ಲಿ ಒಂದು ಕೈ ಹೆಚ್ಚೇ ಮರ್ಯಾದೆ. ಸಿಸಿಲಿಯ ಎಟ್ನಾ ಇಂದಿಗೂ ಆಗಾಗ ಬೂದಿ ಉಗುಳುವ ಬೆಟ್ಟ. ಅದರ ಇಳಿಜಾರಿನಲ್ಲಿ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ ಸಾವಿರ ಮೀಟರ್ ಎತ್ತರದವರೆಗೂ ನೆರೆಲ್ಲೊ ಮಸ್ಕಲೇಸೆ ಎಂಬ ಕೆಂಪು ದ್ರಾಕ್ಷಿಯ ತೋಟಗಳಿವೆ. ಗ್ರೀಸಿನ ಸ್ಯಾಂಟೊರಿನಿ ದ್ವೀಪದಲ್ಲಿ ಕಡಲ ಗಾಳಿಯ ಹೊಡೆತ ತಪ್ಪಿಸಲು ಬಳ್ಳಿಯನ್ನು ನೆಲಕ್ಕೊತ್ತಿ ಬುಟ್ಟಿಯಾಕಾರಕ್ಕೆ ಸುತ್ತುತ್ತಾರೆ, ಗೊಂಚಲು ಅದರೊಳಗೆ ಮಾಗುತ್ತದೆ. ಕೆನರಿ ದ್ವೀಪಗಳ ಪೈಕಿ ಲಾನ್ಸರೋಟೆಯಲ್ಲಿ 1730ರಿಂದ 1736ರವರೆಗೆ ಬೆಟ್ಟ ಸಿಡಿದು ಹೊಲಗಳೆಲ್ಲ ಕಪ್ಪು ಬೂದಿಯಡಿ ಹೂತುಹೋದವು. ಅಲ್ಲಿನ ರೈತರು ಬೂದಿಯಲ್ಲಿ ಕುಣಿ ತೋಡಿ, ಅಡಿಯ ಹಳೆಯ ಮಣ್ಣಿಗೆ ಬೇರು ತಾಗುವಂತೆ ಬಳ್ಳಿ ನೆಟ್ಟು ಮತ್ತೆ ಬದುಕು ಹೂಡಿದರು. ಕ್ರಿ.ಶ. 79ರಲ್ಲಿ ಪೊಂಪೆ ನಗರವನ್ನು ಹೂತುಹಾಕಿದ ವೆಸೂವಿಯಸ್ಸಿನ ಬುಡದಲ್ಲೂ ವೈನಿನ ತೋಟಗಳಿಗೆ ಕೊರತೆಯಿಲ್ಲ. ಈ ಊರುಗಳಲ್ಲಿ ಪ್ರವಾಸಿಗರ ದಿನಚರಿ ಹೆಚ್ಚುಕಡಿಮೆ ಒಂದೇ: ಬೆಳಿಗ್ಗೆ ತೋಟದ ಸಾಲುಗಳಲ್ಲಿ ನಡಿಗೆ, ಆಮೇಲೆ ನೆಲಮಾಳಿಗೆಯ ಪೀಪಾಯಿಗಳ ದರ್ಶನ, ನಾಲ್ಕಾರು ಗ್ಲಾಸುಗಳಲ್ಲಿ ಗುಟುಕು ಗುಟುಕು ವೈನ್, ಮಧ್ಯಾಹ್ನ ಚಪ್ಪರದಡಿ ಊಟ.

ಆ ಮಣ್ಣಿನ ಗುಣಕ್ಕೆ ಕಾರಣ ಸರಳ. ಬೂದಿ ಮತ್ತು ಕಿಟ್ಟದಂಥ ಕಲ್ಲಿನಲ್ಲಿ ಸಣ್ಣ ರಂಧ್ರಗಳು ಹೇರಳ. ಬಿದ್ದ ಮಳೆ ನಿಲ್ಲದೆ ಇಳಿಯುತ್ತದೆ, ಇಳಿದ ನೀರಿನಲ್ಲಿ ಸ್ವಲ್ಪ ರಂಧ್ರಗಳಲ್ಲಿ ಉಳಿದು ಬೇರಿಗೆ ನಿಧಾನವಾಗಿ ಸಿಗುತ್ತದೆ. ದ್ರಾಕ್ಷಿಬಳ್ಳಿಗೆ ಬೇಕಾದದ್ದೂ ಅದೇ. ಕಾಲಡಿ ನೀರು ನಿಂತರೆ ಬಳ್ಳಿ ಸೊಕ್ಕಿ ಎಲೆ ಬಿಡುತ್ತದೆ, ಹಣ್ಣು ನೀರಾಗುತ್ತದೆ. ಸ್ಯಾಂಟೊರಿನಿಯಂಥ ಕಡೆ ಇನ್ನೂ ಒಂದು ಲಾಭವಿದೆ. 19ನೇ ಶತಮಾನದಲ್ಲಿ ಯುರೋಪಿನ ತೋಟಗಳನ್ನು ನಾಶಮಾಡಿದ ಫಿಲೊಕ್ಸೆರಾ ಎಂಬ ಬೇರುಹೇನು ಮರಳುಬೂದಿಯಲ್ಲಿ ಓಡಾಡಲಾರದು, ಹಾಗಾಗಿ ಅಲ್ಲಿ ಬಳ್ಳಿಗಳು ಇಂದಿಗೂ ಸ್ವಂತ ಬೇರಿನ ಮೇಲೆಯೇ ನಿಂತಿವೆ. ಇದರಾಚೆಗೆ ಗ್ಲಾಸಿನಲ್ಲಿ ಲಾವಾದ ರುಚಿಯೇ ಸಿಗುತ್ತದೆ ಎಂಬ ಮಾತನ್ನು ಮಾರಾಟದ ಮಾತೆಂದೇ ತಿಳಿಯಬೇಕು. ಬಂಡೆಯ ಖನಿಜ ಬೇರಿನ ಮೂಲಕ ಹತ್ತಿ ನಾಲಿಗೆಗೆ ರುಚಿಯಾಗಿ ಇಳಿಯುವುದಿಲ್ಲವೆಂದು ವೇಲ್ಸಿನ ಭೂವಿಜ್ಞಾನಿ ಅಲೆಕ್ಸ್ ಮಾಲ್ಟ್‌ಮನ್ ವಿಸ್ತಾರವಾಗಿ ಬರೆದಿದ್ದಾರೆ. ನೀರು, ಬಿಸಿಲು, ರಾತ್ರಿಯ ತಂಪು, ಕತ್ತರಿ ಹಿಡಿದವನ ಕೈ, ಇವೇ ಹೆಚ್ಚಿನ ಕೆಲಸ ಮಾಡುತ್ತವೆ.

ಕರ್ನಾಟಕದಲ್ಲಿ ಉರಿಯುವ ಬೆಟ್ಟವಿಲ್ಲ. ಲಾವಾದ ನೆಲ ಮಾತ್ರ ಧಾರಾಳವಾಗಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿ ಬಿರಿದು ಹರಿದ ಡೆಕ್ಕನ್ ಟ್ರ್ಯಾಪ್‌ನ ಲಾವಾ ಪದರಗಳು ಮಹಾರಾಷ್ಟ್ರದಿಂದ ಇಳಿದು ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಭಾಗಗಳನ್ನು ಹೊದಿಸಿವೆ. ರಾಜ್ಯದ ದ್ರಾಕ್ಷಿಯ ದೊಡ್ಡ ಸೀಮೆಯೂ ಅದೇ. ಆದರೆ ವಿಜಯಪುರದ ಚಪ್ಪರಗಳಲ್ಲಿ ತೂಗುವುದು ಮುಖ್ಯವಾಗಿ ಬೀಜವಿಲ್ಲದ ಥಾಮ್ಸನ್ ತಳಿ. ಅದರಲ್ಲಿ ದೊಡ್ಡ ಪಾಲು ಒಣಗುವ ಶೆಡ್ಡು ಸೇರಿ ಮಣೂಕವಾಗುತ್ತದೆ. ರಾಜ್ಯದಲ್ಲಿ ವೈನಿಗೆ ಹೆಸರು ತಂದದ್ದು ಲಾವಾ ಕಾಣದ ನಂದಿಬೆಟ್ಟದ ತಪ್ಪಲು: ದೊಡ್ಡಬಳ್ಳಾಪುರದ ಬಳಿ ಗ್ರೋವರ್ ತೋಟ ಶುರುವಾದದ್ದು 1988ರಲ್ಲಿ. 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. ಅದೇ ವರ್ಷ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಒಂದು ಕೈಯಲ್ಲಿ ಸಾರಾಯಿ ಪ್ಯಾಕೆಟ್ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ವೈನಿನ ಗ್ಲಾಸು ಕೊಟ್ಟಂತಾಯಿತೆಂದು ಆಡಿಕೊಳ್ಳಬಹುದು, ಆದರೆ ಪ್ಯಾಕೆಟ್ ಕುಡಿಯುತ್ತಿದ್ದವರು ಬೇರೆ, ಗ್ಲಾಸು ಹಿಡಿದವರು ಬೇರೆ. ಈಗ ರಾಜ್ಯದ ವೈನಿನವರು ನಂದಿ, ಕೃಷ್ಣಾ, ಕಾವೇರಿ ಕಣಿವೆಗಳ ಜೊತೆಗೆ ಹಂಪಿ ಬೆಟ್ಟಗಳ ಸೀಮೆಯನ್ನೂ ಹೆಸರಿಸುತ್ತಾರೆ. ಬಳ್ಳಾರಿಯಿಂದ ಹೊರಟು ಕುರುಗೋಡು, ಸಿರುಗುಪ್ಪ ಮುಟ್ಟಿ ತುಂಗಭದ್ರೆ ದಾಟುವ ಸುತ್ತು ಆ ಸೀಮೆಯ ಅಂಚಿನಲ್ಲೇ ಸಾಗುತ್ತದೆ. ಬೆಂಕಿಯಿಂದ ಹುಟ್ಟಿದಂತೆ ಕಾಣುವುದು ಹಾಗೆ ಹುಟ್ಟಿದ್ದಲ್ಲ, ನಿಜಕ್ಕೂ ಹಾಗೆ ಹುಟ್ಟಿದ್ದು ಕಣ್ಣಿಗೆ ಹಾಗೆ ಕಾಣುವುದಿಲ್ಲ ಎಂಬುದು ಈ ದಾರಿಯ ವಿಶೇಷ.

ಬಳ್ಳಾರಿ ಊರ ನಡುವೆ ನಿಂತ ಕೋಟೆಗುಡ್ಡ, ಎದುರಿನ ಕುಂಬಾರಗುಡ್ಡ ಎರಡೂ ಗ್ರಾನೈಟ್. ಹೊಸಬರಿಗೆ ಜ್ವಾಲಾಮುಖಿ ಉರುಳಿಸಿದ ಬಂಡೆಗಳ ರಾಶಿಯಂತೆ ಕಂಡರೂ ಇದು ನೆಲದಾಳದಲ್ಲಿ ನಿಧಾನವಾಗಿ ತಣಿದು ಗಟ್ಟಿಯಾದ ಶಿಲೆ. ಮೇಲಿನ ಹೊದಿಕೆ ಕೋಟ್ಯಂತರ ವರ್ಷ ಸವೆದ ಮೇಲೆ ಹೊರಬಂದು, ಬಿಸಿಲಿಗೆ ಬಿರಿದು, ಗುಂಡುಗಳಾಗಿದೆ. ನಿಜವಾದ ಲಾವಾ ನೋಡಬೇಕೆಂದರೆ ಊರಿನ ನೈಋತ್ಯಕ್ಕೆ ಕಾಪರ್ ಮೌಂಟೇನ್ ಎಂದು ಬ್ರಿಟಿಷರ ಕಾಲದ ನಕ್ಷೆಗಳು ಗುರುತಿಸಿದ ಸಾಲಿನ ಕಡೆ, ಅಲ್ಲಿಂದ ಮುಂದೆ ಸಂಡೂರಿನ ಬೆಟ್ಟಗಳ ಕಡೆ ತಿರುಗಬೇಕು. ಸುಮಾರು 270 ಕೋಟಿ ವರ್ಷಗಳ ಹಿಂದೆ ಸಮುದ್ರದಡಿ ಉಕ್ಕಿ ನೀರು ತಾಗಿದೊಡನೆ ದಿಂಬಿನಾಕಾರಕ್ಕೆ ಗಟ್ಟಿಯಾದ ಲಾವಾ ಆ ಪಟ್ಟಿಯಲ್ಲಿದೆ. ಆಮೇಲಿನ ಒತ್ತಡ, ಕಾವುಗಳಿಗೆ ಸಿಕ್ಕಿ ಅದು ಹಸಿರುಗಪ್ಪು ಶಿಲೆಯಾಗಿದೆ, ನೋಡಿದವರಿಗೆ ಬರೀ ಗುಡ್ಡ. ಜನ ಅದನ್ನು ಬಲ್ಲದ್ದು ಅದರ ಜೊತೆಗಿರುವ ಕಬ್ಬಿಣದ ಅದಿರಿನಿಂದ. ಅದಿರಿನ ಕತೆ ಬಳ್ಳಾರಿಯವರಿಗೆ ಹೇಳಿಕೊಡಬೇಕಾದದ್ದಲ್ಲ.

ಊರಿನಿಂದ ಈಶಾನ್ಯಕ್ಕೆ ಕೆಲವೇ ಕಿಲೋಮೀಟರಿನಲ್ಲಿ ಸಂಗನಕಲ್ಲು. ಇಲ್ಲಿನ ಹಿರೇಗುಡ್ಡದ ಬೂದುಬಣ್ಣದ ಗ್ರಾನೈಟನ್ನು ಸೀಳಿಕೊಂಡು ಕರಿಕಲ್ಲಿನ ಪಟ್ಟೆಯೊಂದು ಬೆನ್ನೆಲುಬಿನಂತೆ ಹಾದುಹೋಗುತ್ತದೆ. ಭೂಮಿಯೊಳಗಿನ ಕುದಿರಸ ಬಿರುಕಿನಲ್ಲಿ ಏರಿಬಂದು, ಮೇಲೆ ತಲುಪುವ ಮುನ್ನವೇ ತಣಿದ ಡೊಲೆರೈಟ್ ಅದು. ಹೊಸ ಶಿಲಾಯುಗದವರಿಗೆ ಈ ಕಲ್ಲಿನ ಬೆಲೆ ಗೊತ್ತಿತ್ತು. ಗ್ರಾನೈಟ್ ಕೊಡಲಿಗಾಗದು, ಉದುರುತ್ತದೆ. ಕರಿಕಲ್ಲು ಚಕ್ಕೆಯೇಳುತ್ತದೆ, ಉಜ್ಜಿದರೆ ಅಲಗು ಹಿಡಿಯುತ್ತದೆ. ನಾಲ್ಕು ಸಾವಿರ ವರ್ಷಗಳ ಹಿಂದೆ ಹಿರೇಗುಡ್ಡವೆಂದರೆ ಕಲ್ಲುಕೊಡಲಿಯ ಕಾರ್ಖಾನೆ. ಅದೇ ಪಟ್ಟೆಯ ಬಂಡೆಗಳ ಮೇಲೆ ಡುಬ್ಬದ ಎತ್ತುಗಳ, ಮನುಷ್ಯರ ಚಿತ್ರಗಳನ್ನು ಕುಟ್ಟಿ ಮೂಡಿಸಿದ್ದಾರೆ. ಕೆಲವು ಬಂಡೆಗಳ ಕುಳಿಗಳಿಗೆ ಕಲ್ಲಿನಿಂದ ಬಡಿದರೆ ಗಂಟೆಯ ನಾದ ಬರುತ್ತದೆ. 2004ರಲ್ಲಿ ಪುರಾತತ್ತ್ವಜ್ಞೆ ನಿಕೋಲ್ ಬೋಯ್ವಿನ್ ಈ ನಾದದ ಕಲ್ಲುಗಳ ಬಗ್ಗೆ ಬರೆದ ಮೇಲೆ ಊರಿನ ಹೆಸರು ದೂರದವರೆಗೆ ಹೋಯಿತು. ಜಲ್ಲಿಗಾಗಿ ಗುಡ್ಡ ಒಡೆಯುವವರು ಅದಕ್ಕೂ ಮೊದಲೇ ಬಂದಿದ್ದರು, ಅವರು ತೆಗೆದುಕೊಂಡು ಹೋದದ್ದು ತಿರುಗಿ ಬರುವಂಥದ್ದಲ್ಲ. 1946ರ ಸುಮಾರಿಗೆ ಇಲ್ಲಿ ಅಗೆದ ಬಿ. ಸುಬ್ಬರಾವ್ ಮೊದಲ್ಗೊಂಡು ರವಿ ಕೋರಿಶೆಟ್ಟರ್ ಅವರ ತಂಡದವರೆಗಿನ ಕೆಲಸದ ಫಲವನ್ನು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯದಲ್ಲಿ ಜೋಡಿಸಿಟ್ಟಿದ್ದಾರೆ. ಗುಡ್ಡ ಹತ್ತುವ ಮೊದಲು ಅದನ್ನು ನೋಡಿಕೊಂಡರೆ ದಾರಿಯುದ್ದಕ್ಕೂ ಕಣ್ಣು ಕೆಲಸ ಮಾಡುತ್ತದೆ.

ಊಟದ ಲೆಕ್ಕವೂ ಇಲ್ಲಿಂದಲೇ ಶುರುವಾಗಬೇಕು. ಸಂಗನಕಲ್ಲಿನ ಮಣ್ಣನ್ನು ನೀರಿನಲ್ಲಿ ತೇಲಿಸಿ ಸೋಸಿದಾಗ ಸುಟ್ಟು ಕರಕಲಾದ ಕಾಳುಗಳು ಸಿಕ್ಕವು. ಸಸ್ಯ ಪುರಾತತ್ತ್ವಜ್ಞ ಡೋರಿಯನ್ ಫುಲ್ಲರ್ ಗುರುತಿಸಿದ ಆ ಕಾಲದ ಮುಖ್ಯ ಬೆಳೆಗಳು ಕೊರಲೆ, ನವಣೆಯ ಜಾತಿಯ ಇನ್ನೊಂದು ಕಿರುಧಾನ್ಯ, ಹುರುಳಿ, ಹೆಸರು. ಇವತ್ತು ಈ ಸೀಮೆಯ ತಟ್ಟೆಯಲ್ಲಿ ಕಾಣುವ ಜೋಳ ಆಫ್ರಿಕದಿಂದ ಬಂದದ್ದು, ಮೆಣಸಿನಕಾಯಿ, ಶೇಂಗಾ ಪೋರ್ಚುಗೀಸರ ಕಾಲದ ಮೇಲಿನವು. ಹುರುಳಿ ಮತ್ತು ಹೆಸರು ಮಾತ್ರ ನಾಲ್ಕು ಸಾವಿರ ವರ್ಷದಿಂದ ಪಂಕ್ತಿ ಬಿಟ್ಟೆದ್ದಿಲ್ಲ. ಕೊರಲೆ ನಡುವೆ ಮರೆಯಾಗಿ ಈಗ ಸಿರಿಧಾನ್ಯವೆಂಬ ಹೊಸ ಹೆಸರಿನಲ್ಲಿ ಹೆಚ್ಚಿನ ಬೆಲೆಗೆ ಮರಳಿದೆ.

ಹೊಸಪೇಟೆ ರಸ್ತೆಯಲ್ಲಿ ಸಿಗುವ ಕುಡತಿನಿಗೆ ಒಂದು ಬಳಸು ಹಾಕುವುದು ಅಗತ್ಯ, ಏಕೆಂದರೆ ಬಳ್ಳಾರಿ ಸೀಮೆಯ ‘ಜ್ವಾಲಾಮುಖಿ’ ಇರುವುದು ಅಲ್ಲಿ. ರಸ್ತೆಯ ಮಗ್ಗುಲಿನ ಬೂದಿಗುಡ್ಡವನ್ನು ಕೆರೆದರೆ ಬಿಳಿಬೂದಿಯ ನಯವಾದ ಪದರ, ಅದರ ನಡುವೆ ಕರಗಿ ಗಾಜಿನಂತಾದ, ತೂತುತೂತಾದ ಕಿಟ್ಟ. 19ನೇ ಶತಮಾನದ ಪ್ರವಾಸಿಗಳು ತಲೆಕೆಡಿಸಿಕೊಂಡದ್ದು ಸಹಜವೇ. ಸೇನಾಧಿಕಾರಿ ನ್ಯೂಬೋಲ್ಡ್ ಇಂಥ ದಿಬ್ಬಗಳ ಬಗ್ಗೆ 1840ರ ದಶಕದಲ್ಲೇ ಬರೆದ. ಜ್ವಾಲಾಮುಖಿಯ ಕಿಟ್ಟ, ಕಬ್ಬಿಣ ಕರಗಿಸಿದ ಕುಲುಮೆ, ಸಾಮೂಹಿಕ ದಹನದ ಜಾಗ, ಹೀಗೆ ಊಹೆಗಳು ಬೆಳೆದವು. ಜನರ ಬಳಿ ಅದಾಗಲೇ ಉತ್ತರವಿತ್ತು: ಹಂಪಿಯ ಬಳಿ ನಿಂಬಾಪುರದ ಬೂದಿ ವಾಲಿಯ ಚಿತೆಯದು. ಬಳ್ಳಾರಿ ಜಿಲ್ಲೆಯ ಭೂವಿವರಣೆಯನ್ನು 1895ರಲ್ಲಿ ಪ್ರಕಟಿಸಿದ ರಾಬರ್ಟ್ ಬ್ರೂಸ್ ಫೂಟ್ ಇದು ಸಗಣಿಯ ಬೂದಿ ಎಂದ. ಲಂಡನ್ನಿನಲ್ಲಿ ಎಫ್. ಇ. ಜಾಯ್ನರ್ 1960ರಲ್ಲಿ ಪ್ರಕಟಿಸಿದ ಪರೀಕ್ಷೆ ಅದನ್ನು ಗಟ್ಟಿಮಾಡಿತು. ಪುರಾತತ್ತ್ವಜ್ಞ ರೇಮಂಡ್ ಆಲ್ಚಿನ್ 1963ರ ತಮ್ಮ ಪುಸ್ತಕದಲ್ಲಿ ಈ ಬೂದಿ ಬಿಟ್ಟುಹೋದ ಹೊಸ ಶಿಲಾಯುಗದ ದನಗಾಹಿಗಳ ಬದುಕನ್ನು ಬಿಡಿಸಿಟ್ಟರು. ದೊಡ್ಡಿಗಳಲ್ಲಿ ವರ್ಷಗಟ್ಟಲೆ ಕೂಡಿದ ಸಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟಾಗ, ಗಾಳಿ ಜೋರಿದ್ದ ದಿನ ಕಾವು ಏರಿ, ಅದರೊಳಗಿನ ಸಿಲಿಕಾ ಕರಗಿ ಕಿಟ್ಟವಾಗಿದೆ. ಸುಟ್ಟದ್ದು ಕಸ ಕಳೆಯಲೋ, ಹಬ್ಬಕ್ಕೋ ಎಂಬ ವಾದ ಮುಗಿದಿಲ್ಲ; ಸಂಕ್ರಾಂತಿಯಲ್ಲಿ ದನಗಳನ್ನು ಕಿಚ್ಚು ಹಾಯಿಸುವುದನ್ನು ಕಂಡ ಕನ್ನಡಿಗರಿಗೆ ಎರಡನೆಯದು ಹೆಚ್ಚು ಹಿಡಿಸುತ್ತದೆ. ಈಗ ಅದೇ ಕುಡತಿನಿಯಲ್ಲಿ 1,700 ಮೆಗಾವಾಟ್‌ನ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. ಅದರ ಹಾರುಬೂದಿಗೆ ಪುರಾಣ ಹುಟ್ಟಲು ಇನ್ನೂ ಸಮಯ ಬೇಕು.

ಕುರುಗೋಡು ಬಳ್ಳಾರಿಯಿಂದ ವಾಯವ್ಯಕ್ಕೆ ಸುಮಾರು 28 ಕಿಲೋಮೀಟರ್. ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಸಿಂದರ ರಾಜಧಾನಿ ಇದು. 12ನೇ ಶತಮಾನದ ಗುಡಿಗಳು ಗುಡ್ಡದ ಬುಡದಲ್ಲಿ ಚದುರಿವೆ. ಊರಿಗೆ ಜನ ಬರುವುದು ದೊಡ್ಡಬಸವೇಶ್ವರನಿಗಾಗಿ, ಆಳೆತ್ತರ ಮೀರಿದ ಏಕಶಿಲಾ ನಂದಿ. ವೈನಿನ ದೃಷ್ಟಿಯಿಂದ ಇಲ್ಲಿ ನೋಡಬೇಕಾದದ್ದು ನೆಲ. ಗುಡ್ಡದ ಬುಡಕ್ಕೆ ಗ್ರಾನೈಟ್ ಉದುರಿ ಆದ ಕೆಂಪು ಮರಳುಮಿಶ್ರಿತ ಮಸಾರಿ. ಅರ್ಧ ಮೈಲಿ ಸರಿದರೆ ಎರೆ. ಎರೆ ಎಂದೊಡನೆ ಲಾವಾ ನೆನೆಯುವುದು ಶಾಲೆಯ ಪಾಠದಿಂದ ಬಂದ ರೂಢಿ. ಬಳ್ಳಾರಿಯ ಎರೆಭೂಮಿಯ ಅಡಿಯಲ್ಲಿ ಡೆಕ್ಕನ್ ಟ್ರ್ಯಾಪ್ ಇಲ್ಲ. ಗ್ರಾನೈಟ್, ನೈಸ್, ಶಿಸ್ಟ್ ಶಿಲೆಗಳೇ ಕಡಿಮೆ ಮಳೆಯ ಈ ತಗ್ಗು ಬಯಲಿನಲ್ಲಿ ಸುಣ್ಣ ಸೇರಿಸಿಕೊಂಡು ಕಪ್ಪು ಜಿಗುಟು ಮಣ್ಣಾಗಿವೆ. ಬೇಸಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುವ ಈ ಮಣ್ಣನ್ನು ಹಿಡಿದಿಡುವುದು ಹೇಗೆಂದು ಬಳ್ಳಾರಿಯ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ 1954ರಿಂದ ಅಭ್ಯಾಸ ಮಾಡುತ್ತಿದೆ. ಹತ್ತಿ, ಜೋಳ, ಕಡಲೆಗೆ ಎರೆ ತಾಯಿ. ದ್ರಾಕ್ಷಿಗೆ ಮಸಾರಿಯೇ ಮೇಲು, ನೀರು ಬಿಟ್ಟುಕೊಡುತ್ತದೆ. ಫ್ರಾನ್ಸಿನ ಬೊಜೊಲೆ, ಪೋರ್ಚುಗಲ್ಲಿನ ದಾಂವ್ ಪ್ರಾಂತ್ಯಗಳ ಹಲವು ತೋಟಗಳು ನಿಂತಿರುವುದೂ ಗ್ರಾನೈಟ್ ಮಣ್ಣಿನ ಮೇಲೆಯೇ.

ಆದರೂ ಈ ತಾಲೂಕುಗಳಲ್ಲಿ ಹಣ್ಣಿನ ಕೀರ್ತಿ ಅಂಜೂರದ್ದು. ಬಳ್ಳಾರಿ ಅಂಜೂರವೆಂದರೆ ಹಣ್ಣಿನಂಗಡಿಯವರಿಗೆ ವಿವರಣೆ ಬೇಡ. ಮೆಡಿಟರೇನಿಯನ್ ತೀರದ ಎಷ್ಟೋ ದ್ರಾಕ್ಷಿತೋಟಗಳ ಬೇಲಿಯಲ್ಲಿ ಅಂಜೂರದ ಮರವಿರುತ್ತದೆ, ಬಿಸಿಲು, ಕಲ್ಲುನೆಲ, ಬಿಗಿ ನೀರು ಎರಡಕ್ಕೂ ಒಗ್ಗುತ್ತವೆ. ಬಳ್ಳಾರಿಯಲ್ಲಿ ಬೇಲಿಯ ಮರವೇ ಬೆಳೆಯಾಗಿದೆ. ಇಲ್ಲಿನ ಬಗೆಗೆ ಕಣಜದ ಪರಾಗಸ್ಪರ್ಶವೂ ಬೇಕಿಲ್ಲ, ಕಾಯಿ ತಾನಾಗಿ ಊದಿ ಹಣ್ಣಾಗುತ್ತದೆ. ಬೇಸಗೆಯ ಬೆಳೆ ಸಿಹಿ, ಮಳೆಗಾಲದ್ದು ಸಪ್ಪೆ. ಕಿತ್ತ ಹಣ್ಣು ಒಂದೆರಡು ದಿನಕ್ಕಿಂತ ಹೆಚ್ಚು ನಿಲ್ಲದು, ಆದ್ದರಿಂದ ಇದನ್ನು ತಿನ್ನಲು ತೋಟದ ಬಾಗಿಲಿಗೇ ಹೋಗಬೇಕು. ದ್ರಾಕ್ಷಿಯೂ ಈ ಸೀಮೆಗೆ ಹೊಸದಲ್ಲ: 1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ್ ಡೊಮಿಂಗೊ ಪಾಯೆಸ್ ಅಲ್ಲಿನ ಪೇಟೆಯಲ್ಲಿ ಪಣಕ್ಕೆ ಮೂರು ಗೊಂಚಲು ದ್ರಾಕ್ಷಿ, ಹತ್ತು ದಾಳಿಂಬೆ ಸಿಗುತ್ತಿದ್ದುದನ್ನು ದಾಖಲಿಸಿದ್ದಾನೆ. ಬೆಲೆಯಿಂದಲೇ ದ್ರಾಕ್ಷಿ ಆಗ ಸಾಮಾನ್ಯರ ಹಣ್ಣಾಗಿರಲಿಲ್ಲವೆಂದು ತಿಳಿಯುತ್ತದೆ.

ಸಿರುಗುಪ್ಪದ ಹೆದ್ದಾರಿಯಲ್ಲಿ ತೆಕ್ಕಲಕೋಟೆಯ ಗುಂಡುಬಂಡೆಗಳ ಬೆಟ್ಟ ಬರುತ್ತದೆ. 1963–64ರಲ್ಲಿ ಎಂ. ಎಸ್. ನಾಗರಾಜರಾವ್ ಇಲ್ಲಿ ಅಗೆದು, ಬಂಡೆಗಳ ನಡುವಿನ ಸಮತಟ್ಟುಗಳಲ್ಲಿ ದುಂಡು ಗುಡಿಸಲು ಕಟ್ಟಿಕೊಂಡಿದ್ದವರ ನೆಲೆಯನ್ನು ತೋರಿಸಿಕೊಟ್ಟರು. ಮುಂದೆ ಬೆಟ್ಟ ಮುಗಿದು ಕಾಲುವೆ ಶುರು. ಬಳ್ಳಾರಿಯಿಂದ ಸುಮಾರು 55 ಕಿಲೋಮೀಟರಿಗೆ ಸಿರುಗುಪ್ಪ ಬರುವಷ್ಟರಲ್ಲಿ ನೆಲವೆಲ್ಲ ಗದ್ದೆ, ರಸ್ತೆಯ ಎರಡೂ ಕಡೆ ಅಕ್ಕಿ ಗಿರಣಿ, ಸೋನಾ ಮಸೂರಿಯ ಚೀಲ. ವಿಜಯನಗರದ ಅರಸರು ತುಂಗಭದ್ರೆಗೆ ಒಡ್ಡು ಹಾಕಿ ತೆಗೆಸಿದ ಸಿರುಗುಪ್ಪ, ದೇಶನೂರು ಕಾಲುವೆಗಳು ಇಂದಿಗೂ ಹರಿಯುತ್ತಿವೆ. 20ನೇ ಶತಮಾನದ ಅಣೆಕಟ್ಟಿನ ಕಾಲುವೆ ಅದಕ್ಕೆ ಜೊತೆಗೂಡಿದೆ. ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಸೀಮೆಯಲ್ಲಿ ನಿಂತ ನೀರಿನ ಬೆಳೆ ಬೆಳೆಯುವ ಈ ಉಮೇದಿನ ಎದುರು, ಹನಿನೀರಿನ ದ್ರಾಕ್ಷಿಯ ವಾದ ಯಾರ ಕಿವಿಗೂ ಬೀಳುವುದಿಲ್ಲ. ನೀರು ಬಂದ ಕಡೆ ರೈತ ಭತ್ತ ಬಿಟ್ಟು ಬೇರೆಯದಕ್ಕೆ ಕೈಹಾಕುವುದು ಅಪರೂಪ.

ಊಟಕ್ಕೆ ಇದೇ ಸರಿಯಾದ ಊರು. ಖಾನಾವಳಿಯ ತಟ್ಟೆಯಲ್ಲಿ ಬಿಸಿ ಜೋಳದ ರೊಟ್ಟಿ ಇಲ್ಲವೇ ಖಡಕ್ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಹೆಸರುಕಾಳು, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿ, ಕೊನೆಗೆ ಅನ್ನ, ಸಾರು, ಮಜ್ಜಿಗೆ. ಸಂಜೆಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ. ಇದರ ಜೊತೆ ವೈನ್ ಹೊಂದುತ್ತದೆಯೇ ಎಂಬುದು ಕೇಳಬೇಕಾದ ಪ್ರಶ್ನೆ. ಮೆಣಸಿನಕಾಯಿಯ ಖಾರದ ಅಂಶ ನೀರಿನಲ್ಲಿ ಕರಗದು, ವೈನಿನಲ್ಲಿರುವ ನೂರಕ್ಕೆ ಹದಿಮೂರರಷ್ಟು ಮದ್ಯಸಾರ ಅದನ್ನು ತೊಳೆಯಲು ಸಾಲದು, ಬದಲಿಗೆ ಉರಿ ಹೆಚ್ಚಿಸುತ್ತದೆ. ಒಗರು ಜಾಸ್ತಿಯಿರುವ ಕೆಂಪು ವೈನಾದರೆ ಬಾಯಿ ಎರಡು ಪಟ್ಟು ಹೊತ್ತಿಕೊಳ್ಳುತ್ತದೆ. ತುಸು ಸಿಹಿ ಉಳಿಸಿದ, ಚೆನ್ನಾಗಿ ತಣಿಸಿದ ಬಿಳಿ ವೈನ್ ಖಾರವನ್ನು ತಾಳಿಕೊಳ್ಳುತ್ತದೆ. ಕೆಂಪು ವೈನಿಗೆ ಇಲ್ಲಿ ಹೊಂದುವುದು ಎಣ್ಣೆಗಾಯಿ, ಎಳ್ಳು ಶೇಂಗಾದ ಎಣ್ಣೆ ಒಗರನ್ನು ಹೀರುತ್ತದೆ. ಪುಂಡಿಪಲ್ಯದ ಹುಳಿಯ ಮುಂದೆ ಯಾವ ವೈನೂ ನಿಲ್ಲುವುದು ಕಷ್ಟ, ಅದಕ್ಕೆ ಮಜ್ಜಿಗೆಯೇ ಸರಿ.

ಸಿರುಗುಪ್ಪದಿಂದ ಉತ್ತರಕ್ಕೆ ದಢೇಸೂಗೂರಿನ ಸೇತುವೆಯ ಮೇಲೆ ತುಂಗಭದ್ರೆ ದಾಟಿ ಸಿಂಧನೂರಿನಿಂದ ಪಶ್ಚಿಮಕ್ಕೆ ತಿರುಗಿದರೆ ಕೊಪ್ಪಳ ಜಿಲ್ಲೆ. ಹಂಪಿ ಮತ್ತು ಬಾದಾಮಿಯ ನಡುವಿನ ಈ ಒಣಸೀಮೆಯಲ್ಲಿ ಕ್ರಸ್ಮಾ ಎಸ್ಟೇಟ್ಸ್ ಹಂಪಿ ಹಿಲ್ಸ್ ಎಂಬ ಹೆಸರಿನಡಿ ಕ್ಯಾಬರ್ನೆ ಸೊವಿನ್ಯೊನ್, ಸಾಂಜೊವೇಸೆ, ಸಿರಾ, ಸೊವಿನ್ಯೊನ್ ಬ್ಲಾಂಕ್ ಮೊದಲಾದ ತಳಿಗಳನ್ನು ಬೆಳೆದು ವೈನ್ ಮಾಡುತ್ತಿದೆ. ವಿಜಯಪುರದ ಮಣೂಕದ ತೋಟದಲ್ಲಿ ಚಪ್ಪರ ತಲೆಯ ಮೇಲಿದ್ದರೆ, ವೈನಿನ ತೋಟದಲ್ಲಿ ಬಳ್ಳಿಯನ್ನು ತಂತಿಗೆ ಬೇಲಿಯ ಹಾಗೆ ನಿಲ್ಲಿಸುವುದು ರೂಢಿ. ಗೊಂಚಲು ಕಡಿಮೆ, ಹಣ್ಣು ಸಣ್ಣ, ಸಿಪ್ಪೆ ದಪ್ಪ. ಕೆಂಪು ವೈನಿನ ಬಣ್ಣ, ಒಗರು ಎರಡೂ ಸಿಪ್ಪೆಯವೇ. ಯುರೋಪಿನಲ್ಲಿ ಚಳಿಗಾಲ ಬಳ್ಳಿಯನ್ನು ಮಲಗಿಸುತ್ತದೆ. ಇಲ್ಲಿ ಆ ಚಳಿಯಿಲ್ಲದ ಕಾರಣ ಬಳ್ಳಿ ವರ್ಷವಿಡೀ ಎಚ್ಚರ, ಕತ್ತರಿಯೇ ಅದಕ್ಕೆ ಋತು. ಬೇಸಗೆಯಲ್ಲೊಂದು ಚಾಟ್ನಿ (ಬಳ್ಳಿ ಸವರುವಿಕೆ) ಕಡ್ಡಿ ಬೆಳೆಸಲು, ಮಳೆ ಹಿಂದಾಗುವಾಗ ಇನ್ನೊಂದು ಹಣ್ಣಿಗೆ. ಹೀಗೆ ಕಾಯಿ ಚಳಿಗಾಲದ ತಂಪುರಾತ್ರಿಗಳಲ್ಲಿ ಬಲಿತು, ಹುಳಿ ಪೂರ್ತಿ ಕಳೆದುಕೊಳ್ಳುವ ಮೊದಲೇ ಕೊಯ್ಲಿಗೆ ಬರುತ್ತದೆ. ಬಳ್ಳಾರಿ ಸೀಮೆಯ ಏಪ್ರಿಲ್ ಬಿಸಿಲಿಗೆ ಸಿಕ್ಕಿದ ಹಣ್ಣಿನಲ್ಲಿ ಸಕ್ಕರೆ ಬಿಟ್ಟು ಬೇರೇನೂ ಉಳಿಯದು.

ರುಚಿ ನೋಡುವ ಕ್ರಮದಲ್ಲಿ ರಹಸ್ಯವೇನಿಲ್ಲ. ಬಿಳಿಯದು ಮೊದಲು, ಕೆಂಪು ಆಮೇಲೆ; ಹಗುರದ್ದು ಮೊದಲು, ಗಡುಸಿನದು ಕೊನೆಗೆ. ಬಣ್ಣ ನೋಡಿ, ಗ್ಲಾಸು ತಿರುಗಿಸಿ, ಮೂಸಿ, ಸಣ್ಣ ಗುಟುಕನ್ನು ಬಾಯಿ ತುಂಬ ಆಡಿಸಿ ನುಂಗಬೇಕು, ಅಥವಾ ಉಗುಳಬೇಕು. ಉಗುಳಲು ಪಾತ್ರೆ ಇಟ್ಟಿರುತ್ತಾರೆ, ವಾಹನ ನಡೆಸುವವರಿಗೆ ಅದೇ ದಾರಿ. ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕುಡಿಯಬೇಕೆಂಬ ಪುಸ್ತಕದ ಮಾತನ್ನು ಇಲ್ಲಿ ನಂಬಬಾರದು: ಆ ಕೋಣೆ 16ರಿಂದ 18 ಡಿಗ್ರಿಯ ಯುರೋಪಿನ ಕೋಣೆ. ಬಳ್ಳಾರಿಯ ಕೋಣೆಯಲ್ಲಿಟ್ಟ ಕೆಂಪು ವೈನನ್ನು ಅರ್ಧ ಗಂಟೆಯಾದರೂ ಫ್ರಿಜ್ಜಿಗೆ ಹಾಕದೆ ಬಗ್ಗಿಸಿದರೆ ಮದ್ಯಸಾರದ ವಾಸನೆ ಬಿಟ್ಟು ಬೇರೆ ತಿಳಿಯದು.

ವೈನ್ ತಯಾರಿಕೆ ಅಬಕಾರಿ ಪರವಾನಗಿಯ ಉದ್ಯಮವಾದ್ದರಿಂದ ಯಾವ ತೋಟಕ್ಕಾದರೂ ಮೊದಲೇ ಕೇಳಿಕೊಂಡು ಹೋಗುವುದು ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಚಾಟ್ನಿಯಾದ ಬೋಳು ಬಳ್ಳಿಗಳನ್ನು ನೋಡಲು 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಬರುವುದರಲ್ಲಿ ಅರ್ಥವಿಲ್ಲ. ಹಿರೇಗುಡ್ಡದ ಕರಿಕಲ್ಲನ್ನೂ ಆಗ ಮುಟ್ಟಲಾಗದು. ಫೆಬ್ರವರಿಯ ಕೊನೆಯಿಂದ ಮಾರ್ಚ್ ನಡುವಿನವರೆಗೆ ಬಂದರೆ ತೋಟದಲ್ಲಿ ಕೊಯ್ಲು, ಬಳ್ಳಾರಿಯ ರಸ್ತೆಬದಿಯ ಬುಟ್ಟಿಗಳಲ್ಲಿ ಹೊಸ ಅಂಜೂರ, ಎರಡೂ ಸಿಗುತ್ತವೆ.